ಒಳ್ಳೆ ಕಾಸ್ಟಿಂಗ್‌ಗೂ ಕಾರಣ ಬರೆಯಬೇಕು

ಬೆಳಗಾವಿಯ ಉದ್ಯಮಬಾಗದಲ್ಲಿ ಮಧ್ಯಮ ಗಾತ್ರದ ಒಂದು ಫೌಂಡ್ರಿ, ಅಂದರೆ ಎರಕದ ಕಾರ್ಖಾನೆ. ಹೈಡ್ರಾಲಿಕ್ ಪಂಪ್ ಮತ್ತು ವಾಲ್ವ್‌ಗಳ ಬಾಡಿಗಳನ್ನು ಎರಕ ಹೊಯ್ದು ಪುಣೆ ಕಡೆಯ ಗಿರಾಕಿಗಳಿಗೆ ಕಳಿಸುತ್ತಾರೆ. ಅಲ್ಲಿ ಗುಣಮಟ್ಟ ವಿಭಾಗದ ಮುಖ್ಯಸ್ಥರು ನಿವೃತ್ತರಾಗುವವರಿದ್ದರು. ಆ ಜಾಗಕ್ಕೆ ಯಾರು ಎಂದು ಮಾಲಕರು ಜಾಸ್ತಿ ಯೋಚಿಸಲಿಲ್ಲ. ಏಳು ವರ್ಷದಿಂದ ಸ್ಯಾಂಡ್ ಲ್ಯಾಬ್ (ಅಚ್ಚು ಮಾಡುವ ಮರಳನ್ನು ಪರೀಕ್ಷಿಸುವ ಜಾಗ) ಮತ್ತು ಇನ್‌ಸ್ಪೆಕ್ಷನ್ ನೋಡಿಕೊಳ್ಳುತ್ತಿದ್ದ ಹೆಣ್ಣುಮಗಳನ್ನು ಕರೆದು ಬಡ್ತಿ ಪತ್ರ ಕೈಗಿಟ್ಟರು. ಮರುದಿನ ಅವರು ಪತ್ರ ವಾಪಸ್ ತಂದರು. ಜೊತೆಗೆ ತಾವೇ ಬರೆದ ಒಂದು ಚೀಟಿ: ‘ಈ ಹುದ್ದೆಗೆ ನಾನು ಯೋಗ್ಯಳಲ್ಲ. ದಯವಿಟ್ಟು ಬಿ.ಇ. ಆದವರನ್ನು ತೆಗೆದುಕೊಳ್ಳಿ.’

ಸಂಬಳ ಕಡಿಮೆ ಆಯಿತೇನೋ ಎಂದು ಮಾಲಕರು ಕೇಳಿ ನೋಡಿದರು. ಮದುವೆ ಗೊತ್ತಾಗಿದೆಯಾ ಎಂದು ಬೇರೆಯವರ ಕಡೆಯಿಂದ ವಿಚಾರಿಸಿದರು. ಎರಡೂ ಅಲ್ಲ. ಆಗ ನನಗೆ ಹೇಳಿಕಳಿಸಿದರು.

ಆ ಫೌಂಡ್ರಿಗೆ ನಾನು ತರಬೇತಿ ಕೊಡಲು ಹೋಗುತ್ತೇನೆ. ಬಹಳ ವರ್ಷ ಫೌಂಡ್ರಿಯಲ್ಲೇ ಗುಣಮಟ್ಟದ ಕೆಲಸ ಮಾಡಿದವನು. ಮನಶ್ಶಾಸ್ತ್ರಜ್ಞ ಅಲ್ಲ. ಹಾಗಾಗಿ ಇದನ್ನು ಚಿಕಿತ್ಸೆಯ ದಾಖಲೆ ಎಂದು ಓದಬೇಡಿ. ಕೆಲಸದಲ್ಲಿ ಗಟ್ಟಿಯಾಗಿರುವ ಒಬ್ಬರು ತಮ್ಮ ಬಗ್ಗೆ ಮಾತ್ರ ತಪ್ಪು ಲೆಕ್ಕ ಇಟ್ಟುಕೊಂಡಿದ್ದರು. ಆ ಲೆಕ್ಕವನ್ನು ಕೆಲಸದ ಕಾಗದಗಳಿಂದಲೇ ಸರಿಮಾಡಲು ಹೊರಟಾಗ ಏನೇನಾಯಿತು ಎಂಬುದಷ್ಟೇ ಇಲ್ಲಿದೆ. ಬರೆಯಲು ಅವರ ಒಪ್ಪಿಗೆ ಇದೆ. ಗುರುತು ಸಿಗುವಂಥ ವಿವರ ಬದಲಿಸಿದ್ದೇನೆ. ಶಾಪ್‌ನಲ್ಲಿ (ಎರಕದ ಕೆಲಸ ನಡೆಯುವ ಜಾಗದಲ್ಲಿ) ಎಲ್ಲರೂ ಕರೆಯುವ ಹಾಗೆ ಅವರನ್ನು ಲ್ಯಾಬ್ ಮೇಡಂ ಎಂದೇ ಕರೆಯುತ್ತೇನೆ.

ಹಿನ್ನೆಲೆ

ಬೈಲಹೊಂಗಲ ತಾಲೂಕಿನ ಒಂದು ಹಳ್ಳಿ. ಅಪ್ಪನಿಗೆ ಸ್ವಲ್ಪ ಎರೆಹೊಲ, ಹತ್ತಿ ಮತ್ತು ಕಡಲೆ. ಮನೆಯಲ್ಲಿ ಎಸ್ಸೆಸ್ಸೆಲ್ಸಿ ದಾಟಿದವರಲ್ಲಿ ಇವರೇ ಮೊದಲಿಗರು. ಕನ್ನಡ ಮಾಧ್ಯಮ. ಆಮೇಲೆ ಬೆಳಗಾವಿಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ. ಮೊದಲ ವರ್ಷ ಪಾಠವೆಲ್ಲ ಇಂಗ್ಲಿಷ್‌ನಲ್ಲಿ ನಡೆದು ತಲೆಗೆ ಹತ್ತಲಿಲ್ಲ, ಒಂದು ಪೇಪರ್ ಹೋಯಿತು. ಮುಂದಿನ ಸಲ ಪಾಸಾಯಿತು, ಕೊನೆಗೆ ಫಸ್ಟ್ ಕ್ಲಾಸ್ ಬಂತು. ಆದರೆ ತಮ್ಮ ಓದಿನ ಬಗ್ಗೆ ಮಾತಾಡುವಾಗ ಅವರು ಮೊದಲು ಹೇಳಿದ್ದು ಆ ಹೋದ ಪೇಪರ್. ಫಸ್ಟ್ ಕ್ಲಾಸ್ ವಿಷಯ ನಾನು ಕೇಳಿದ ಮೇಲೆ ಬಂತು.

ಫೌಂಡ್ರಿಗೆ ಟ್ರೇನಿಯಾಗಿ ಸೇರಿದಾಗ ಶಾಪ್‌ನಲ್ಲಿ ಹೆಣ್ಣುಮಕ್ಕಳೇ ಇರಲಿಲ್ಲ. ಮೋಲ್ಡಿಂಗ್, ಕೋರ್, ಮೆಲ್ಟಿಂಗ್, ಫೆಟ್ಲಿಂಗ್ ಎಲ್ಲಾ ಗಂಡಸರು. ಆಫೀಸಿನಲ್ಲಿ ಅಕೌಂಟ್ಸ್ ನೋಡುವ ಒಬ್ಬರು ಬಿಟ್ಟರೆ ಇವರೇ. ಎರಡು ವರ್ಷದಲ್ಲಿ ಸ್ಯಾಂಡ್ ಲ್ಯಾಬ್ ಪೂರ್ತಿ ಇವರ ಕೈಗೆ ಬಂತು. ಆಮೇಲೆ ಇನ್‌ಸ್ಪೆಕ್ಷನ್, ಆಮೇಲೆ ಗಿರಾಕಿಗಳ ದೂರಿಗೆ ಉತ್ತರ ಬರೆಯುವುದು. ಕೆಲಸ ಹೀಗೆ ಬೆಳೆಯುತ್ತಾ ಹೋಯಿತು. ಕೊರಳಲ್ಲಿನ ಐಡಿ ಕಾರ್ಡ್ ಮೇಲೆ ಮಾತ್ರ ‘ಜೂನಿಯರ್ ಇನ್‌ಸ್ಪೆಕ್ಟರ್’ ಎಂದೇ ಉಳಿದಿತ್ತು. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಕಂಡದ್ದು

ಮೊದಲ ಭೇಟಿಗೆ ನಾನು ಲ್ಯಾಬ್‌ಗೇ ಹೋದೆ. ಮಿಕ್ಸರ್‌ನಿಂದ ಮರಳು ಬಂದಿತ್ತು. ಅವರು ಒಂದು ಹಿಡಿ ತೆಗೆದುಕೊಂಡು ಮುಷ್ಟಿಯಲ್ಲಿ ಹಿಂಡಿದರು. ಬೆರಳು ಬಿಡಿಸಿ, ಉಂಡೆಯ ಮೇಲೆ ಮೂಡಿದ ಗುರುತು ನೋಡಿ, ಎರಡಾಗಿ ಮುರಿದರು. ಅಂಚು ಚೂಪಾಗಿ ಬಂತು. ‘ಮೂರೂವರಿ ಮ್ಯಾಲ ಐತ್ರಿ ನೀರು’ ಅಂದರು. ಆಮೇಲೆ ಮರಳು ತೂಕ ಮಾಡಿ, ಕಾರ್ಬೈಡ್ ಪುಡಿ ಸೇರಿಸಿ, ಮಾಯಿಶ್ಚರ್ ಟೆಸ್ಟರ್ ಅಲ್ಲಾಡಿಸಿದರು. ಮುಳ್ಳು ಶೇ 3.6ಕ್ಕೆ ನಿಂತಿತು. ಪಕ್ಕದಲ್ಲಿ 50 ಮಿ.ಮೀ. ಅಗಲ, 50 ಮಿ.ಮೀ. ಎತ್ತರದ ಸ್ಯಾಂಪಲ್ ಮೂರು ಹೊಡೆತಕ್ಕೆ ಸರಿಯಾಗಿ ತಯಾರಾಯಿತು. ಸ್ಟ್ರೆಂತ್ ನೋಡಿದರು, ಪರ್ಮಿಯೆಬಿಲಿಟಿ (ಮರಳಿನ ಮೂಲಕ ಗಾಳಿ ಹಾಯುವ ಗುಣ) ನೋಡಿದರು, ರಿಜಿಸ್ಟರ್‌ನಲ್ಲಿ ಬರೆದರು. ಒಂದು ಹೆಜ್ಜೆಯೂ ಹಿಂದೆ ಮುಂದೆ ಆಗಲಿಲ್ಲ.

ಕೈಯಿಂದ ಮರಳಿನ ನೀರು ಹೇಳುವುದು ಹಳೆಯ ಮೋಲ್ಡರ್‌ಗಳಿಗೆ ಬರುವ ವಿದ್ಯೆ. ಈಗಿನ ಹುಡುಗರಲ್ಲಿ ಅಪರೂಪ. ಅದನ್ನೇ ಹೇಳಿದೆ. ‘ಅದೇನ್ ದೊಡ್ಡದಲ್ರಿ ಸರ್, ದಿನಾ ಮಾಡ್ತೀನಲ್ರಿ, ರೂಢಿ ಆಗೇತಿ’ ಅಂದರು.

ಮುಂದಿನ ಭೇಟಿಗಳಲ್ಲಿ ಇಂಥ ಉತ್ತರ ಮತ್ತೆ ಮತ್ತೆ ಬಂತು. ಬಂದದ್ದೆಲ್ಲ ರೂಢಿ, ಆದದ್ದೆಲ್ಲ ನಸೀಬು, ಇಲ್ಲವೇ ಬೇರೆ ಯಾರೋ ಹೇಳಿಕೊಟ್ಟದ್ದು. ಗಿರಾಕಿ ಕಂಪನಿಯ ಆಡಿಟ್ ಬರುತ್ತದೆ ಎಂದರೆ ಮೂರು ದಿನ ಮೊದಲಿಂದ ನಿದ್ದೆ ಇಲ್ಲ. ಹಿಂದಿನ ರಾತ್ರಿ ಹತ್ತು ಹನ್ನೊಂದರವರೆಗೆ ಕೂತು, ಸರಿ ಇರುವ ರಿಪೋರ್ಟ್‌ಗಳನ್ನೇ ಮತ್ತೆ ತಾಳೆ ನೋಡುತ್ತಿದ್ದರು. ಆಡಿಟ್ ದಿನ ಹಿಂದಿನ ಕುರ್ಚಿ. ಪ್ರಶ್ನೆಗೆ ಉತ್ತರ ಗೊತ್ತಿದ್ದರೂ ಚೀಟಿಯಲ್ಲಿ ಬರೆದು ಹೊಸದಾಗಿ ಸೇರಿದ ಬಿ.ಇ. ಹುಡುಗನಿಗೆ ದಾಟಿಸುತ್ತಿದ್ದರು. ಅವನು ಓದಿ ಹೇಳುತ್ತಿದ್ದ. ಆಡಿಟ್ ಪಾಸಾಗುತ್ತಿತ್ತು. ‘ರಾತ್ರಿಯೆಲ್ಲಾ ಕೂತಿದ್ದಕ್ಕ ಪಾರಾದ್ವಿ’ ಎಂಬ ನಿಟ್ಟುಸಿರು. ಮುಂದಿನ ಆಡಿಟ್‌ಗೆ ಮತ್ತೆ ಅದೇ ಭಯ.

ಬಡ್ತಿ ಯಾಕೆ ಬೇಡ ಎಂದು ನೇರವಾಗಿ ಕೇಳಿದಾಗ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: ‘ಈಗ ಹಿಂದ ಕುಂತೀನಿ, ಯಾರಿಗೂ ಕಾಣ್ಸೂದಿಲ್ಲ. ಮುಂದ ಕುಂತ್ರ ಒಂದಿನ ಎಲ್ಲಾರಿಗೂ ಗೊತ್ತಾಗ್ತೈತ್ರಿ, ಇಕಿಗೆ ಏನೂ ಬರೂದಿಲ್ಲ ಅಂತ.’

ಇದಕ್ಕೊಂದು ಹೆಸರಿದೆ

1978ರಲ್ಲಿ ಅಮೆರಿಕದ ಜಾರ್ಜಿಯಾ ಸ್ಟೇಟ್ ಯೂನಿವರ್ಸಿಟಿಯ ಪಾಲಿನ್ ಕ್ಲಾನ್ಸ್ ಮತ್ತು ಸುಝೇನ್ ಐಮ್ಸ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇದನ್ನು ಮೊದಲ ಬಾರಿ ವಿವರಿಸಿ ಬರೆದರು. ಓದಿನಲ್ಲಿ, ವೃತ್ತಿಯಲ್ಲಿ ಮುಂದೆ ಬಂದ 150ಕ್ಕೂ ಹೆಚ್ಚು ಹೆಂಗಸರ ಜೊತೆ ಕೆಲಸ ಮಾಡಿದ ಅನುಭವ ಅವರದು. ಪದವಿ ಇದೆ, ಹೆಸರಿದೆ, ಮೆಚ್ಚುಗೆ ಇದೆ. ಆದರೂ ‘ನಾನು ಎಲ್ಲರನ್ನೂ ನಂಬಿಸಿಬಿಟ್ಟಿದ್ದೇನೆ, ನಿಜ ಹೊರಗೆ ಬರುತ್ತದೆ’ ಎಂಬ ಅಳುಕು. ಇದನ್ನು ಅವರು ಕಾಯಿಲೆ ಎಂದು ಕರೆಯಲಿಲ್ಲ. ಇಂಪೋಸ್ಟರ್ ಫಿನಾಮಿನನ್ ಅಂದರು. ಇಂಪೋಸ್ಟರ್ ಸಿಂಡ್ರೋಮ್ ಎಂಬ ಹೆಸರು ಆಮೇಲೆ ಜನರ ಬಾಯಲ್ಲಿ ನಿಂತಿತು. ಮನೋವೈದ್ಯರು ಬಳಸುವ ಕಾಯಿಲೆಗಳ ಪಟ್ಟಿಯಲ್ಲಿ ಇವತ್ತಿಗೂ ಇದು ಇಲ್ಲ.

ಲ್ಯಾಬ್ ಮೇಡಂ ಆಡಿಟ್‌ನಲ್ಲಿ ಸಿಕ್ಕಿಹಾಕಿಕೊಂಡ ಸುತ್ತನ್ನೂ ಕ್ಲಾನ್ಸ್ ವಿವರಿಸಿದ್ದಾರೆ. ಕೆಲಸ ಬಂದ ಕೂಡಲೇ ಭಯ. ಭಯಕ್ಕೆ ವಿಪರೀತ ತಯಾರಿ, ಇಲ್ಲವೇ ಕೊನೆ ಗಳಿಗೆಯವರೆಗೆ ಮುಂದೂಡಿ ಓಡಾಟ. ಕೆಲಸ ಆಗುತ್ತದೆ. ವಿಪರೀತ ತಯಾರಿ ಮಾಡಿದವರು ‘ಅಷ್ಟು ಒದ್ದಾಡಿದ್ದಕ್ಕೆ ಆಯ್ತು’ ಅನ್ನುತ್ತಾರೆ. ಮುಂದೂಡಿದವರು ‘ಹೇಗೋ ಆಗಿಹೋಯ್ತು’ ಅನ್ನುತ್ತಾರೆ. ಎರಡರಲ್ಲೂ ‘ನನಗೆ ಕೆಲಸ ಬರುತ್ತದೆ’ ಎಂಬ ಮಾತಿಗೆ ಜಾಗವೇ ಇಲ್ಲ. ಹಾಗಾಗಿ ಎಷ್ಟು ಸಲ ಗೆದ್ದರೂ ಭಯ ಕಡಿಮೆಯಾಗುವುದಿಲ್ಲ.

ಇದು ಹೆಂಗಸರಿಗೆ ಮಾತ್ರ ಎಂಬ ಮಾತೂ ನಿಲ್ಲಲಿಲ್ಲ. 2020ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ 62 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. 14 ಸಾವಿರಕ್ಕೂ ಹೆಚ್ಚು ಜನ. ಗಂಡಸರಲ್ಲೂ ಇದು ಸಾಕಷ್ಟು ಕಂಡಿತು. ಎಷ್ಟು ಜನರಲ್ಲಿ ಎಂಬ ಲೆಕ್ಕ ಮಾತ್ರ ಶೇ 9ರಿಂದ ಶೇ 82ರವರೆಗೆ ಹಬ್ಬಿತ್ತು. ಅಳೆಯುವ ಪ್ರಶ್ನೆಗಳು ಯಾವುವು, ಗೆರೆ ಎಲ್ಲಿ ಎಳೆಯುತ್ತೀರಿ ಎಂಬುದರ ಮೇಲೆ ಸಂಖ್ಯೆ ಬದಲಾಗುತ್ತದೆ. ಅದಕ್ಕೇ ‘ಹತ್ತರಲ್ಲಿ ಏಳು ಜನಕ್ಕೆ ಇದೆ’ ಎಂಬಂಥ ಮಾತು ಕೇಳಿದಾಗ ನಾನು ಸ್ವಲ್ಪ ತಡೆದೇ ನಂಬುತ್ತೇನೆ. ಕ್ಲಾನ್ಸ್ ರೂಪಿಸಿದ 20 ಪ್ರಶ್ನೆಗಳ ಮಾಪಕವೂ ಇದೆ. ಲ್ಯಾಬ್ ಮೇಡಂಗೆ ನಾನು ಅದನ್ನು ಹಚ್ಚಲಿಲ್ಲ. ಅವರಿಗೆ ಬೇಕಾದದ್ದು ಇನ್ನೊಂದು ಅಂಕ ಅಲ್ಲ.

ಎಲ್ಲಿ ಎಳೆ ಸಿಕ್ಕಿತು

‘ನಿಮ್ಮ ಸಾಧನೆಗಳ ಪಟ್ಟಿ ಮಾಡಿ’ ಎಂದು ಇಂಥವರಿಗೆ ಹೇಳುವುದು ಎಲ್ಲರೂ ಮಾಡುವ ಉಪಾಯ. ಸಾಧನೆ ಎಂಬ ಮಾತು ಕೇಳಿದ ಕೂಡಲೇ ಅವರು ಹಿಂದೆ ಸರಿಯುತ್ತಾರೆ. ಖಾಲಿ ಹಾಳೆ ಬರುತ್ತದೆ, ಆ ಖಾಲಿ ಹಾಳೆಯೇ ಇನ್ನೊಂದು ಸಾಕ್ಷಿಯಾಗುತ್ತದೆ. ಹಾಗಾಗಿ ಆ ದಾರಿ ಬಿಟ್ಟೆ. ಬದಲಿಗೆ ಅವರು ಬರೆದ ರಿಜೆಕ್ಷನ್ ಫೈಲ್‌ಗಳನ್ನು ಕೇಳಿ ತೆಗೆದುಕೊಂಡು ಓದಿದೆ.

ಫೌಂಡ್ರಿಯಲ್ಲಿ ಕಾಸ್ಟಿಂಗ್ (ಎರಕ ಹೊಯ್ದ ಪೀಸ್) ಕೆಟ್ಟರೆ ಒಂದು ಫಾರ್ಮ್ ತುಂಬಬೇಕು. ಏನು ದೋಷ, ಯಾವ ಹೀಟ್ (ಒಂದು ಸಲಕ್ಕೆ ಕರಗಿಸಿದ ಲೋಹ), ಕಾರಣ ಏನು, ಸರಿಮಾಡಲು ಏನು ಮಾಡಿದಿರಿ, ಮತ್ತೆ ಆಗದ ಹಾಗೆ ಏನು ಮಾಡಿದಿರಿ. ಕಾರಣದ ಕಾಲಂನಲ್ಲಿ ಬಹಳ ಕಡೆ ಕಾಣುವುದು ‘ಆಪರೇಟರ್ ಅಲಕ್ಷ್ಯ’ ಎಂಬ ಒಂದೇ ಸಾಲು. ಇವರ ಫೈಲ್‌ಗಳಲ್ಲಿ ಅದು ಒಂದೂ ಇರಲಿಲ್ಲ. ಟೊಯೋಟಾದಲ್ಲಿ ಬೆಳೆದು ಬಂದ ‘ಐದು ಸಲ ಯಾಕೆ ಎಂದು ಕೇಳು’ ಎಂಬ ಪದ್ಧತಿ ಇದೆಯಲ್ಲ, ಅದನ್ನು ಇಷ್ಟು ಪ್ರಾಮಾಣಿಕವಾಗಿ ಮಾಡಿದವರನ್ನು ನಾನು ಕಡಿಮೆ ನೋಡಿದ್ದೇನೆ. ಪ್ರತಿ ‘ಯಾಕೆ’ಗೂ ಪಕ್ಕದಲ್ಲಿ ಪುರಾವೆ. ರಿಜಿಸ್ಟರ್ ಪುಟ, ಹೀಟ್ ನಂಬರ್, ಫೋಟೊ.

ಅಲ್ಲಿ ನನಗೆ ಎಳೆ ಸಿಕ್ಕಿತು. ‘ನಸೀಬು ಕೆಟ್ಟಿತ್ತು, ಅದಕ್ಕೆ ಬ್ಲೋಹೋಲ್ (ಗ್ಯಾಸ್‌ನಿಂದ ಆಗುವ ತೂತು) ಬಂತು’ ಎಂದು ಯಾರಾದರೂ ಬರೆದರೆ ಈ ಹೆಣ್ಣುಮಗಳು ಫಾರ್ಮ್ ವಾಪಸ್ ಕಳಿಸುತ್ತಾರೆ. ಆದರೆ ತಮ್ಮ ಕೆಲಸ ಗೆದ್ದಾಗ ‘ನಸೀಬು’ ಎಂಬ ಕಾರಣವನ್ನು ಪುರಾವೆ ಕೇಳದೆ ಒಪ್ಪಿಕೊಳ್ಳುತ್ತಾರೆ. ಇದು ಅವರೊಬ್ಬರ ತಪ್ಪೂ ಅಲ್ಲ. ಕೆಟ್ಟ ಕಾಸ್ಟಿಂಗ್‌ಗೆ ಫಾರ್ಮ್ ಇದೆ, ಒಳ್ಳೆ ಕಾಸ್ಟಿಂಗ್‌ಗೆ ಯಾವ ಫೌಂಡ್ರಿಯಲ್ಲೂ ಫಾರ್ಮ್ ಇಲ್ಲ. ಸೋಲಿನ ಕಾರಣ ಹುಡುಕುವುದು ಕೆಲಸ, ಗೆಲುವಿನ ಕಾರಣ ಹುಡುಕುವುದು ಅಹಂಕಾರ ಎಂದು ನಮ್ಮನ್ನು ಬೆಳೆಸಿದ್ದಾರೆ. ಕಾರಣ ಬರೆಯದ ಜಾಗ ಖಾಲಿ ಇರುವುದಿಲ್ಲ. ಅಲ್ಲಿ ನಸೀಬು ಬಂದು ಕೂರುತ್ತದೆ.

ಅವರಿಗೆ ಇಷ್ಟೇ ಹೇಳಿದೆ: ‘ಮೇಡಂ, ಮೂರು ವರ್ಷದ ಹಿಂದೆ ಪಂಪ್ ಬಾಡಿ ರಿಜೆಕ್ಷನ್ ಇಳಿಯಿತಲ್ಲ, ಅದಕ್ಕೆ ಇದೇ ಫಾರ್ಮ್ ತುಂಬಿ. ಹೊಗಳಿಕೆ ಬೇಡ. ಕಾರಣ ಮತ್ತು ಪುರಾವೆ ಮಾತ್ರ.’

ಪಂಪ್ ಬಾಡಿ ಪ್ರಕರಣ

ಸ್ವಲ್ಪ ವಿವರವಾಗಿ ಹೇಳುತ್ತೇನೆ, ಇಡೀ ವಿಷಯ ನಿಂತಿರುವುದು ಇದರ ಮೇಲೆ.

ಆ ವರ್ಷ ಮಳೆಗಾಲ ಶುರುವಾದ ಮೇಲೆ ಎಫ್‌ಜಿ 260 ಎಂಬ ದರ್ಜೆಯ ಕಬ್ಬಿಣದ ಒಂದು ಪಂಪ್ ಬಾಡಿಯಲ್ಲಿ ಬ್ಲೋಹೋಲ್ ಬರತೊಡಗಿತು. ಹೊರಗಿನಿಂದ ನೋಡಿದರೆ ಕಾಸ್ಟಿಂಗ್ ನುಣ್ಣಗೆ ಇರುತ್ತದೆ. ಗಿರಾಕಿ ಮಷಿನ್‌ಗೆ ಹಾಕಿ ಬೋರ್ ಹೊಡೆದಾಗ ಚರ್ಮದ ಕೆಳಗೆ ತೂತು ಕಾಣುತ್ತದೆ. ಅಷ್ಟೊತ್ತಿಗೆ ಮಷಿನಿಂಗ್ ಖರ್ಚೂ ಬಿದ್ದಿರುತ್ತದೆ. ಅದೂ ಸೇರಿ ಬಿಲ್ ವಾಪಸ್ ಬರುತ್ತದೆ. ಜುಲೈ ಹೊತ್ತಿಗೆ ರಿಜೆಕ್ಷನ್ ಶೇ 11 ಮುಟ್ಟಿತು. ಮರಳಿನಲ್ಲಿ ನೀರು ಜಾಸ್ತಿ ಎಂದು ಎಲ್ಲರೂ ಲ್ಯಾಬ್ ಕಡೆ ಕೈ ತೋರಿಸಿದರು. ರಿಜಿಸ್ಟರ್ ನೋಡಿದರೆ ಮರಳು ಸರಿಯಾಗಿಯೇ ಇತ್ತು.

ಲ್ಯಾಬ್ ಮೇಡಂ ಮಾಡಿದ ಕೆಲಸ ಏನೆಂದರೆ, ವಾಪಸ್ ಬಂದ ಪೀಸ್‌ಗಳ ಹೀಟ್ ನಂಬರ್ ಹಿಡಿದು, ಯಾವುದು ಎಷ್ಟು ಗಂಟೆಗೆ ಹೊಯ್ದದ್ದು ಎಂದು ಬೇರೆ ಬೇರೆ ಮಾಡಿದರು. ಕೆಟ್ಟವುಗಳಲ್ಲಿ ಹೆಚ್ಚಿನವು ಮುಂಜಾನೆಯ ಮೊದಲ ಹೀಟ್‌ಗಳು. ಮಧ್ಯಾಹ್ನದ ಮೇಲಿನವು ಬಹುತೇಕ ಸರಿ. ಮರಳು, ಕಬ್ಬಿಣ, ಹೊಯ್ಯುವ ಉಷ್ಣತೆ ಎಲ್ಲಾ ಒಂದೇ ಇರುವಾಗ ಮುಂಜಾನೆಗೆ ಮಾತ್ರ ಏನು ಬೇರೆ?

ಕೋರ್ (ಕಾಸ್ಟಿಂಗ್ ಒಳಗೆ ಟೊಳ್ಳು ಬರಲು ಅಚ್ಚಿನಲ್ಲಿ ಇಡುವ ಮರಳಿನ ಗಟ್ಟಿ) ಮಾಡುವ ಹಿರಿಯರೊಬ್ಬರಿದ್ದಾರೆ, ಎಲ್ಲರೂ ಕಾಕಾ ಅನ್ನುತ್ತಾರೆ. ಅವರ ಹತ್ತಿರ ಹೋಗಿ ಕೇಳಿದರು. ‘ರಾತ್ರಿ ಇಟ್ಟ ಕೋರ್ ಮುಂಜಾನಿ ಕೈಗೆ ತಂಪ್ ಹತ್ತತಾವ ತಂಗಿ’ ಅಂದರು ಕಾಕಾ. ಕೋರ್‌ಗಳು ಸೋಡಿಯಂ ಸಿಲಿಕೇಟ್ ಹಾಕಿ ಸಿಒ2 ಗ್ಯಾಸ್ ಬಿಟ್ಟು ಗಟ್ಟಿ ಮಾಡಿದಂಥವು. ಇಂಥ ಕೋರ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಸಂಜೆ ಮಾಡಿದ ಕೋರ್‌ಗಳು ರಾತ್ರಿಯಿಡೀ ಶಟರ್ ಪಕ್ಕದ ರ‍್ಯಾಕ್‌ನಲ್ಲಿ ಇರುತ್ತಿದ್ದವು. ಬೆಳಗಾವಿಯ ಮಳೆಗಾಲ ಗೊತ್ತಲ್ಲ. ಗೋಡೆಯೇ ಬೆವರುತ್ತದೆ. ಸುಮಾರು 1,400 ಡಿಗ್ರಿಯ ಕಬ್ಬಿಣ ಆ ಕೋರ್ ಸುತ್ತ ತುಂಬಿದಾಗ ಒಳಗಿನ ತೇವ ಆವಿಯಾಗುತ್ತದೆ. ನೀರು ಆವಿಯಾದರೆ 1,600 ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಹೋಗಲು ದಾರಿ ಸಿಗದಿದ್ದರೆ ಲೋಹದೊಳಗೇ ಗುಳ್ಳೆಯಾಗಿ ಕೂರುತ್ತದೆ.

ಜುಲೈ ಮೂರನೇ ವಾರ ರ‍್ಯಾಕ್ ಒಳಗಿನ ಕೋಣೆಗೆ ಹೋಯಿತು. ಕೋಣೆಯಲ್ಲಿ ಹೀಟರ್ ಬಂತು. ಮೊದಲು ಮಾಡಿದ್ದನ್ನು ಮೊದಲು ಬಳಸುವ ಹಾಗೆ ಪ್ರತಿ ಟ್ರೇಗೆ ಸಮಯ ಬರೆದ ಚೀಟಿ ಬಂತು. ರಾತ್ರಿ ಉಳಿದ ಕೋರ್‌ಗಳನ್ನು ಮುಂಜಾನೆ ಒಣಗಿಸಿಯೇ ಕೊಡಬೇಕು ಎಂಬ ನಿಯಮ ಬಂತು. ಸೆಪ್ಟೆಂಬರ್ ಹೊತ್ತಿಗೆ ರಿಜೆಕ್ಷನ್ ಶೇ 4ಕ್ಕಿಂತ ಕೆಳಗೆ ಇಳಿಯಿತು.

ಈ ಗೆಲುವಿಗೆ ಅವರು ಫಾರ್ಮ್‌ನಲ್ಲಿ ಮೊದಲು ಬರೆದ ಕಾರಣ ಎರಡೇ. ಒಂದು, ‘ಮಳೆ ಕಡಿಮೆಯಾಯಿತು’. ಎರಡು, ‘ಕಾಕಾ ಹೇಳಿದರು’.

ಎರಡನ್ನೂ ಅವರದೇ ಪದ್ಧತಿಯಲ್ಲಿ ಪರೀಕ್ಷಿಸಲು ಕೂತೆವು. ಮಳೆ ಕಡಿಮೆಯಾದದ್ದಕ್ಕೆ ಪುರಾವೆ ಎಲ್ಲಿ? ಲ್ಯಾಬ್ ರಿಜಿಸ್ಟರ್‌ನಲ್ಲಿ ದಿನಾ ಗಾಳಿಯ ತೇವಾಂಶ ಬರೆಯುವ ಕಾಲಂ ಇದೆ. ಅದನ್ನು ಶುರುಮಾಡಿದವರೂ ಇವರೇ. ಆಗಸ್ಟ್ ಪುಟ ತೆಗೆದರು. ಮೊದಲ ಎರಡು ವಾರದ ತೇವಾಂಶ ಜುಲೈಗಿಂತ ಒಂದು ಚೂರೂ ಕಡಿಮೆ ಇರಲಿಲ್ಲ. ಕೆಲವು ದಿನ ಜಾಸ್ತಿಯೇ ಇತ್ತು. ಆದರೆ ರಿಜೆಕ್ಷನ್ ಆ ವಾರಗಳಲ್ಲೇ ಇಳಿಯತೊಡಗಿತ್ತು. ಆಮೇಲಿನ ಎರಡು ಮಳೆಗಾಲದ ಪುಟಗಳನ್ನೂ ತೆಗೆಸಿದೆ. ಎರಡರಲ್ಲೂ ಆ ಪಂಪ್ ಬಾಡಿ ಶೇ 4 ದಾಟಿರಲಿಲ್ಲ. ಅವರು ಪುಟ ತಿರುಗಿಸುತ್ತಾ ತಿರುಗಿಸುತ್ತಾ ಮಾತು ನಿಲ್ಲಿಸಿದರು. ಕೊನೆಗೆ ತಾವೇ ಪೆನ್ನು ತೆಗೆದು ‘ಮಳೆ ಕಡಿಮೆಯಾಯಿತು’ ಎಂಬುದನ್ನು ಹೊಡೆದುಹಾಕಿದರು. ಪಕ್ಕದಲ್ಲಿ ‘ಪುರಾವೆ ಇಲ್ಲ’ ಎಂದು ಬರೆದರು. ನಾನು ಏನೂ ಹೇಳಬೇಕಾಗಲಿಲ್ಲ.

ಇನ್ನು ಕಾಕಾ. ಇದು ಸೂಕ್ಷ್ಮ. ಕಾಕಾ ಹೇಳಿದ್ದು ನಿಜ, ಅವರ ಪಾಲು ದೊಡ್ಡದು. ತನ್ನ ಕೆಲಸ ಗುರುತಿಸಿಕೊಳ್ಳಿ ಎಂದರೆ ಬೇರೆಯವರ ಪಾಲು ಕಿತ್ತುಕೊಳ್ಳಿ ಎಂದಲ್ಲ. ಹಾಗಾಗಿ ಕಾಲಂ ಎರಡು ಮಾಡಿದೆವು: ‘ನಾನು ಮಾಡಿದ್ದು’, ‘ಬೇರೆಯವರು ಮಾಡಿದ್ದು’. ಕೋರ್ ತಂಪಾಗಿದೆ ಎಂಬ ಮಾತು ಕಾಕಾನ ಕಡೆ ಹೋಯಿತು. ಹೀಟರ್‌ಗೆ ದುಡ್ಡು ಕೊಟ್ಟದ್ದು ಮಾಲಕರ ಕಡೆ. ಗಂಟೆವಾರು ಬೇರ್ಪಡಿಸಿದ್ದು, ಮುಂಜಾನೆಯ ಹೀಟ್ ಎಂದು ಕಂಡುಹಿಡಿದದ್ದು, ಕೇಳಬೇಕಾದವರನ್ನೇ ಹೋಗಿ ಕೇಳಿದ್ದು, ಚೀಟಿ ಪದ್ಧತಿ, ಒಣಗಿಸುವ ನಿಯಮ, ಅದು ನಡೆಯುತ್ತಿದೆಯೇ ಎಂದು ಮೂರು ವರ್ಷ ಬಿಡದೆ ನೋಡಿದ್ದು ಇವರ ಕಡೆ ಬಂತು. ಕಾಕಾನಿಗೆ ಕೋರ್ ತಂಪು ಹತ್ತುವುದು ಬಹಳ ವರ್ಷದಿಂದ ಗೊತ್ತಿತ್ತು. ಯಾರೂ ಕೇಳಿರಲಿಲ್ಲ.

‘ಹೌದಲ್ರಿ’ ಅಂದರು. ಅಷ್ಟೇ. ಆದರೆ ಮುಂದಿನ ವಾರ ನಾನು ಹೇಳದೆಯೇ ಇನ್ನೂ ಎರಡು ಫಾರ್ಮ್ ತುಂಬಿ ತಂದಿದ್ದರು.

ಬೇರೆ ಪ್ರಯತ್ನಗಳು

ಫಾರ್ಮ್‌ನ ನಿಯಮ ಸರಳ. ಏನಾಯಿತು, ಪುರಾವೆ ಯಾವ ಪುಟದಲ್ಲಿ, ನಾನು ಮಾಡಿದ್ದು, ಬೇರೆಯವರು ಮಾಡಿದ್ದು. ‘ಅತ್ಯುತ್ತಮ’, ‘ಸಾಧಾರಣ’ ಎಂಬಂಥ ಮಾತುಗಳಿಗೆ ಜಾಗ ಇಲ್ಲ. ನಸೀಬು ಎಂದು ಬರೆಯಬಹುದು, ಆದರೆ ಅದಕ್ಕೂ ಪುರಾವೆ ಕೊಡಬೇಕು. ಒಂದು ಫಾರ್ಮ್‌ನಲ್ಲಿ ನಿಜವಾಗಿಯೂ ನಸೀಬೇ ಕಾರಣವಾಗಿತ್ತು. ಗಿರಾಕಿಯೇ ಡ್ರಾಯಿಂಗ್ ಬದಲಿಸಿದ್ದರಿಂದ ಒಂದು ಶ್ರಿಂಕೇಜ್ (ಲೋಹ ಆರುವಾಗ ಕುಗ್ಗಿ ಬರುವ ದೋಷ) ಸಮಸ್ಯೆ ತಾನಾಗಿ ಹೋಗಿತ್ತು. ಅದನ್ನೂ ಹಾಗೇ ಬರೆದರು. ನನಗೆ ಅದು ಬಹಳ ಖುಷಿ ಕೊಟ್ಟಿತು. ಲೆಕ್ಕ ಪ್ರಾಮಾಣಿಕವಾಗಿದ್ದರೆ ಮಾತ್ರ ಇಂಥವರು ಅದನ್ನು ನಂಬುತ್ತಾರೆ.

ಆಡಿಟ್ ಭಯಕ್ಕೆ ಕಾಗದ ಸಾಲಲಿಲ್ಲ. ಅದಕ್ಕೆ ಒಂದು ಪ್ರಯೋಗ ಮಾಡಿದೆವು. ಮುಂದಿನ ಆಡಿಟ್‌ಗೆ ಒಂದು ಪುಟದ ಚೆಕ್‌ಲಿಸ್ಟ್, ಅದು ಮುಗಿದ ಮೇಲೆ ಸಂಜೆ ಆರಕ್ಕೆ ಮನೆಗೆ. ರಾತ್ರಿ ಕೂರುವಂತಿಲ್ಲ. ಅವರಿಗೆ ಇದು ಫಾರ್ಮ್ ತುಂಬುವುದಕ್ಕಿಂತ ಬಹಳ ಕಷ್ಟವಾಯಿತು. ಆ ರಾತ್ರಿ ನಿದ್ದೆ ಬರಲಿಲ್ಲ ಎಂದು ಆಮೇಲೆ ಹೇಳಿದರು. ಆಡಿಟ್‌ನಲ್ಲಿ ಒಂದು ವರ್ನಿಯರ್‌ನ (ಅಳತೆಯ ಉಪಕರಣದ) ಕ್ಯಾಲಿಬ್ರೇಷನ್, ಅಂದರೆ ಅಳತೆ ಸರಿ ಇದೆಯೇ ಎಂದು ನೋಡಬೇಕಾದ ದಿನಾಂಕ ದಾಟಿದ್ದು ಸಿಕ್ಕಿತು. ಸಣ್ಣ ತಪ್ಪು ಎಂದು ಬರೆದುಕೊಂಡರು, ವಾರದಲ್ಲಿ ಸರಿಮಾಡಿ ಉತ್ತರ ಕಳಿಸಿದ್ದಾಯಿತು. ಹಿಂದಿನ ವರ್ಷಗಳ ಆಡಿಟ್ ವರದಿ ತೆಗೆದು ನೋಡಿದರೆ, ರಾತ್ರಿಯೆಲ್ಲಾ ಕೂತ ವರ್ಷಗಳಲ್ಲೂ ಇಂಥ ಒಂದೆರಡು ಇದ್ದೇ ಇದ್ದವು. ಪಾಸ್ ಮಾಡಿಸುತ್ತಿದ್ದದ್ದು ಹಿಂದಿನ ರಾತ್ರಿ ಅಲ್ಲ, ವರ್ಷವಿಡೀ ಬರೆದ ರಿಜಿಸ್ಟರ್. ಇದು ಅವರಿಗೆ ಅರ್ಥವಾದದ್ದು ಆಗ.

ಮೂರನೆಯದು, ಗುಟ್ಟು ಬಿಡುವುದು. ಈ ಅಳುಕು ಇರುವವರು ಅದನ್ನು ಯಾರಿಗೂ ಹೇಳುವುದಿಲ್ಲ, ಹಾಗಾಗಿ ತನಗೊಬ್ಬಳಿಗೇ ಎಂದುಕೊಳ್ಳುತ್ತಾರೆ. ಗುಂಪಿನಲ್ಲಿ ಕೂತು ಮಾತಾಡಿದರೆ ಬೇಗ ಸಡಿಲವಾಗುತ್ತದೆ ಎಂದು ಕ್ಲಾನ್ಸ್ ಮತ್ತು ಐಮ್ಸ್ 1978ರಲ್ಲೇ ಬರೆದಿದ್ದರು. ಇಲ್ಲಿ ಗುಂಪು ಎಂದರೆ ಲ್ಯಾಬ್ ಮೇಡಂ ಮತ್ತು ಆ ಬಿ.ಇ. ಹುಡುಗ. ಅವನು ಚೀಟಿ ಓದಿ ಉತ್ತರ ಹೇಳುತ್ತಿದ್ದನಲ್ಲ, ಅವನದೂ ಅದೇ ಸ್ಥಿತಿ. ‘ಅಕ್ಕಾ, ನನಗ ಮರಳು ಹಿಡದ್ರ ಏನೂ ತಿಳಿಯೂದಿಲ್ಲ. ಎಲ್ಲಾರೂ ಇಂಜಿನಿಯರ್ ಅಂತಾರ. ಶಾಪ್‌ನ್ಯಾಗ ಹೋಗಾಕ ಹೆದರಿಕಿ ಬರ್ತೈತಿ’ ಅಂದನಂತೆ. ಎರಡು ವರ್ಷ ಅಕ್ಕಪಕ್ಕ ಕೂತು ಕೆಲಸ ಮಾಡಿದವರು. ಒಬ್ಬರಿಗೆ ಇನ್ನೊಬ್ಬರ ಡಿಗ್ರಿ ಕಂಡು ಭಯ, ಇನ್ನೊಬ್ಬನಿಗೆ ಇವರ ಕೈ ಕಂಡು ಭಯ. ಈಗ ಅವನು ದಿನಾ ಅರ್ಧ ಗಂಟೆ ಲ್ಯಾಬ್‌ನಲ್ಲಿ ಮರಳು ಹಿಂಡುತ್ತಾನೆ.

ಮಾಲಕರ ಪಾಲು

ಇದೆಲ್ಲ ಅವರ ತಲೆಯೊಳಗಿನ ಸಮಸ್ಯೆ ಎಂದು ಮುಗಿಸಿದರೆ ಅನ್ಯಾಯವಾಗುತ್ತದೆ. ಏಳು ವರ್ಷ ಮುಖ್ಯಸ್ಥರ ಅರ್ಧ ಕೆಲಸ ಮಾಡಿದವರ ಐಡಿ ಕಾರ್ಡ್ ಮೇಲೆ ‘ಜೂನಿಯರ್’ ಎಂದಿದ್ದರೆ, ಆ ಕಾರ್ಡ್ ದಿನಾ ಅವರಿಗೆ ಏನು ಹೇಳುತ್ತದೆ? ಗಿರಾಕಿಗೆ ಹೋಗುವ ರಿಪೋರ್ಟ್ ಬರೆಯುವವರು ಇವರು, ಕೆಳಗೆ ಸಹಿ ಇನ್ನೊಬ್ಬರದು. ಮಾಲಕರು ಒಳ್ಳೆಯವರೇ, ಬಾಯ್ತುಂಬ ಹೊಗಳುತ್ತಿದ್ದರು. ಹೇಗೆ? ‘ನಿನ್ನ ಕೈಗುಣ ಛಲೋ ಐತೆವಾ’, ‘ನೀ ಬಂದ ಮ್ಯಾಲ ಫ್ಯಾಕ್ಟರಿಗೆ ಲಕ್ಷ್ಮಿ ಬಂದಂಗಾತು’. ಪ್ರೀತಿಯ ಮಾತೇ. ಆದರೆ ಅದರಲ್ಲಿ ಅವರು ಮಾಡಿದ ಕೆಲಸ ಒಂದೂ ಇಲ್ಲ. ನಸೀಬು ಎಂದು ಒಳಗೊಳಗೇ ನಂಬಿದವರಿಗೆ ಹೊರಗಿನಿಂದಲೂ ಅದೇ ಮಾತು ಬಂದರೆ ಇನ್ನೇನಾಗಬೇಕು?

ಮಾಲಕರ ಜೊತೆ ನಾನು ಇದನ್ನೇ ಮಾತಾಡಿದೆ. ಅವರು ವಾದ ಮಾಡಲಿಲ್ಲ. ರಿಪೋರ್ಟ್ ಮೇಲೆ ಬರೆದವರ ಹೆಸರು ಮತ್ತು ಸಹಿ ಬಂತು. ಐಡಿ ಕಾರ್ಡ್ ಬದಲಾಯಿತು. ತಿಂಗಳ ಮೀಟಿಂಗ್‌ನಲ್ಲಿ ರಿಜೆಕ್ಷನ್ ಚರ್ಚೆ ಆದ ಮೇಲೆ, ಚೆನ್ನಾಗಿ ಆದ ಒಂದು ಜಾಬ್ ತೆಗೆದುಕೊಂಡು ಅದು ಯಾಕೆ ಚೆನ್ನಾಗಿ ಆಯಿತು ಎಂದು ಹತ್ತು ನಿಮಿಷ ಮಾತಾಡುವುದು ಶುರುವಾಯಿತು. ಮೊದಲ ಮೀಟಿಂಗ್‌ನಲ್ಲಿ ಪಂಪ್ ಬಾಡಿ ಫಾರ್ಮ್ ಓದಿದರು. ಕಾಕಾನನ್ನೂ ಕರೆಸಿದ್ದರು.

ನಿಜವಾಗಿಯೂ ಬಾರದ್ದು

ಅಳುಕಿನ ಬಗ್ಗೆ ಮಾತಾಡುವಾಗ ಒಂದು ಅಪಾಯ ಇದೆ. ಬಾರದ್ದನ್ನೂ ‘ಅದೆಲ್ಲ ನಿಮ್ಮ ಭ್ರಮೆ’ ಎಂದು ತಳ್ಳಿಹಾಕಿಬಿಡುವುದು. ಲ್ಯಾಬ್ ಮೇಡಂಗೆ ಬಾರದ ವಿಷಯ ಇದ್ದವು. ಗಿರಾಕಿ ಕೇಳುವ ಕೆಲವು ದೊಡ್ಡ ದಾಖಲೆಗಳನ್ನು ಮೊದಲಿಂದ ತಯಾರಿಸಿ ಗೊತ್ತಿರಲಿಲ್ಲ. ಅಂಕಿಅಂಶದ ಕಂಟ್ರೋಲ್ ಚಾರ್ಟ್ ಓದುವುದು ಬರುತ್ತಿತ್ತು, ಹಾಕುವುದು ಬರುತ್ತಿರಲಿಲ್ಲ. ಇಂಗ್ಲಿಷ್‌ನಲ್ಲಿ ನಿಂತು ಮಾತಾಡುವುದು ಕಷ್ಟ. ಇವನ್ನು ಬೇರೆ ಹಾಳೆಯಲ್ಲಿ ಬರೆಸಿದೆ. ಮೂರೇ ಸಾಲು ಆಯಿತು. ‘ಇಷ್ಟೇನ್ರಿ?’ ಎಂದು ಅವರೇ ಕೇಳಿದರು. ‘ಏನೂ ಬರೂದಿಲ್ಲ’ ಎಂಬ ಮಾತು ಮೂರು ಸಾಲಿಗೆ ಇಳಿದರೆ ಅದು ಕಲಿಯುವ ವಿಷಯವಾಗುತ್ತದೆ.

ಇಂಗ್ಲಿಷ್ ಬಗ್ಗೆ ನನಗೆ ಬೇರೆಯದೇ ಹೇಳುವುದಿದೆ. ಈ ಹೆಣ್ಣುಮಗಳು ಕನ್ನಡ ಮಾತಾಡುತ್ತಾರೆ. ಶಾಪ್‌ನ ಅರ್ಧ ಜನರ ಜೊತೆ ಮರಾಠಿಯಲ್ಲಿ ವ್ಯವಹಾರ ಮಾಡುತ್ತಾರೆ. ಬಿಹಾರ, ಉತ್ತರ ಪ್ರದೇಶದಿಂದ ಬಂದ ಹುಡುಗರಿಗೆ ಹಿಂದಿಯಲ್ಲಿ ಕೆಲಸ ಕಲಿಸುತ್ತಾರೆ. ಲೆಕ್ಕಕ್ಕೆ ತೆಗೆದುಕೊಳ್ಳುವುದು ಮಾತ್ರ ನಾಲ್ಕನೆಯದನ್ನು. ಆಡಿಟ್‌ಗೆ ಬರುವವರಲ್ಲಿ ಹೆಚ್ಚಿನವರು ಪುಣೆಯವರು, ಅವರ ಮನೆಮಾತು ಮರಾಠಿ. ಮುಂದಿನ ಆಡಿಟ್‌ನಲ್ಲಿ ಕೋರ್ ಇಡುವ ಕೋಣೆಯ ಬಗ್ಗೆ ಪ್ರಶ್ನೆ ಬಂದಾಗ ಇವರು ಚೀಟಿ ಬರೆದುಕೊಡಲಿಲ್ಲ. ಎದ್ದು, ಆಡಿಟರ್‌ನನ್ನು ಕೋಣೆಗೇ ಕರೆದುಕೊಂಡು ಹೋಗಿ, ಮರಾಠಿಯಲ್ಲಿ ಎಲ್ಲ ಹೇಳಿದರು. ಮುಂಜಾನೆಯ ಹೀಟ್‌ಗಳ ಕಥೆಯನ್ನೂ ಸೇರಿಸಿ. ಆಡಿಟರ್ ಟ್ರೇ ಚೀಟಿಯ ಫೋಟೊ ತೆಗೆದುಕೊಂಡು ಹೋದರು. ಇಂಗ್ಲಿಷ್ ಕಲಿಕೆಯೂ ನಡೆದಿದೆ, ಆದರೆ ಈಗ ಅದಕ್ಕೆ ಕುತ್ತಿಗೆ ಹಿಡಿಯುವ ಆತುರ ಇಲ್ಲ.

ಈಗ

ಬಡ್ತಿ ಪತ್ರವನ್ನು ಕೂಡಲೇ ತೆಗೆದುಕೊಳ್ಳಲಿಲ್ಲ. ಮೂರು ತಿಂಗಳು ಪ್ರಭಾರ ವಹಿಸಿಕೊಳ್ಳುತ್ತೇನೆ, ಆಮೇಲೆ ಹೇಳುತ್ತೇನೆ ಅಂದರು. ಮಾಲಕರು ಒಪ್ಪಿದರು. ಆ ಮೂರು ತಿಂಗಳಿಗೂ ಮುಖ್ಯಸ್ಥರ ಸಂಬಳವೇ ಕೊಡಬೇಕು ಎಂದು ನಾನು ಪಟ್ಟು ಹಿಡಿದೆ, ಅದಕ್ಕೂ ಒಪ್ಪಿದರು. ಅವಧಿ ಮುಗಿದ ಮೇಲೆ ಅವರು ಒಂದು ಷರತ್ತು ಹಾಕಿ ಹುದ್ದೆ ತೆಗೆದುಕೊಂಡರು: ಮುಂಜಾನೆಯ ಮೊದಲ ಮರಳಿನ ಪರೀಕ್ಷೆ ತಾವೇ ಮಾಡುವುದು.

ಭಯ ಪೂರ್ತಿ ಹೋಗಿಲ್ಲ. ಹೊಸ ಗಿರಾಕಿ ಬಂದರೆ ಹಿಂದಿನ ರಾತ್ರಿ ಈಗಲೂ ಚಡಪಡಿಸುತ್ತಾರೆ. ಒಂದೊಂದು ವಾರ ಫಾರ್ಮ್‌ನಲ್ಲಿ ‘ನಾನು ಮಾಡಿದ್ದು’ ಕಾಲಂ ಖಾಲಿ ಬರುತ್ತದೆ, ಬಿ.ಇ. ಹುಡುಗ ಅದನ್ನು ವಾಪಸ್ ಕಳಿಸುತ್ತಾನೆ. ಇನ್ನೊಂದು ಮಾತು ಇಲ್ಲೇ ಹೇಳಬೇಕು. ಇವರಿಗೆ ಕೆಲಸದ ಕಾಗದ ಸಾಕಾಯಿತು. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಬದುಕೇ ಬೇಡ ಅನಿಸುತ್ತದೆ ಎನ್ನುವವರಿಗೆ ಇದು ಸಾಲದು. ಅಂಥವರು ವೈದ್ಯರನ್ನೇ ನೋಡಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ದುಡ್ಡಿಲ್ಲದೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಈ ಮಳೆಗಾಲ ಎಸ್‌ಜಿ 500/7 ಎಂಬ ದರ್ಜೆಯ ಕಬ್ಬಿಣದ ಒಂದು ಹೊಸ ವಾಲ್ವ್ ಬಾಡಿಯಲ್ಲಿ ಪಿನ್‌ಹೋಲ್ (ಸೂಜಿಮೊನೆಯಂಥ ಸಣ್ಣ ತೂತು) ಕಾಣಿಸಿಕೊಂಡಿದೆ. ಮೀಟಿಂಗ್‌ನಲ್ಲಿ ಗಿರಾಕಿಯ ಕಡೆಯವರು ವಿಡಿಯೋ ಕಾಲ್‌ನಲ್ಲಿದ್ದರು, ಕಾರಣ ಏನು ಎಂದು ಒತ್ತಾಯ ಮಾಡಿ ಕೇಳಿದರು. ಲ್ಯಾಬ್ ಮೇಡಂ ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ‘ಈಗ ಗೊತ್ತಿಲ್ಲ. ಹದಿನೈದು ದಿನ ಕೊಡಿ, ಹುಡುಕಿ ಹೇಳುತ್ತೇವೆ’ ಅಂದರು. ಮೀಟಿಂಗ್ ಮುಗಿದ ಮೇಲೆ ಹೀಟ್ ನಂಬರ್‌ಗಳ ಪಟ್ಟಿ ಹಿಡಿದು ಶಾಪ್‌ಗೆ ಹೋದರು. ಸ್ಯಾಂಪಲ್ ಪೀಸ್ ಕತ್ತರಿಸಿ ಪರೀಕ್ಷೆಗೆ ಕಳಿಸಿದ್ದಾರೆ. ವರದಿ ಇನ್ನೂ ಬಂದಿಲ್ಲ.